ಮೂರೂವರೆ ಸಿಸಿ ಎಂಜಿನ್‌ಗೆ ಮೊದಲ ಒಂದು ಲೀಟರ್

ಲೀಟರಿಗೆ 60 ಕಿ.ಮೀ. ಕೊಡುವ 100 ಸಿಸಿ ಬೈಕು ಗಂಟೆಗೆ 50 ಕಿ.ಮೀ. ವೇಗದಲ್ಲಿ ಓಡಿದರೆ ಒಂದು ಗಂಟೆಗೆ ಸುಮಾರು 830 ಮಿ.ಲೀ. ಪೆಟ್ರೋಲ್ ಕುಡಿಯುತ್ತದೆ. ಅಂಗೈಯಲ್ಲಿ ಕೂರುವ 3.5 ಸಿಸಿ ನೈಟ್ರೋ ಎಂಜಿನ್ 125 ಸಿಸಿ ಟ್ಯಾಂಕನ್ನು 8 ನಿಮಿಷದಲ್ಲಿ ಬರಿದು ಮಾಡಿದರೆ ಗಂಟೆಯ ಲೆಕ್ಕ ಸುಮಾರು 940 ಮಿ.ಲೀ. ಆಗುತ್ತದೆ. ಕಾರಣ ಇಂಧನದಲ್ಲಿದೆ: 1 ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು 14.7 ಕಿಲೋ ಗಾಳಿ ಬೇಕು. ಮೆಥನಾಲ್‌ಗೆ ಸುಮಾರು 6.4 ಕಿಲೋ, ನೈಟ್ರೋಮೀಥೇನ್‌ಗೆ 1.7 ಕಿಲೋ ಸಾಕು. ಅಷ್ಟೇ ಗಾಳಿಯಲ್ಲಿ ಹೆಚ್ಚು ಇಂಧನ ಉರಿಯುವುದರಿಂದ ಶಕ್ತಿಯೂ ಹೆಚ್ಚು, ಖರ್ಚೂ ಹೆಚ್ಚು.

ಹೊಸ ಎಂಜಿನ್ ಕೊಂಡವರು ಕೈಬಿಗಿ ಹಿಡಿಯುವುದು ಇಲ್ಲೇ. ರೇಸಿಗೆ ಇಳಿಯುವ ಮುನ್ನ ಸುಮ್ಮನೆ ಇಂಧನ ಸುಡಬೇಕೇ ಎಂಬ ಪ್ರಶ್ನೆಗೆ 1/8 ಅಳತೆಯ ರಿಮೋಟ್ ಬಗ್ಗಿ ಕಾರಿನ ಪಾಯಿಂಟ್ 21 ಎಂಜಿನ್ (ಅಂದರೆ ಮೇಲಿನ 3.5 ಸಿಸಿ ಎಂಜಿನ್ನೇ) ಇಟ್ಟುಕೊಂಡು ಲೆಕ್ಕ ಹಾಕೋಣ.

ಒಂದು ಲೀಟರಿನ ಲೆಕ್ಕ

ಬ್ರೇಕ್-ಇನ್‌ಗೆ, ಅಂದರೆ ಹೊಸ ಎಂಜಿನ್ ಪಳಗಿಸಲು, 8 ಟ್ಯಾಂಕ್ ಎಂದು ಹಿಡಿದರೆ:

- ಒಟ್ಟು ಇಂಧನ: 8 × 125 = 1,000 ಮಿ.ಲೀ.
- ಶೇ. 25 ನೈಟ್ರೋ, ಶೇ. 10 ಎಣ್ಣೆಯ ಮಿಶ್ರಣವಾದರೆ: ನೈಟ್ರೋಮೀಥೇನ್ 250, ಎಣ್ಣೆ 100, ಮೆಥನಾಲ್ 650 ಮಿ.ಲೀ.
- ಎಂಜಿನ್ ಓಡುವ ಸಮಯ: 8 × 8 = 64 ನಿಮಿಷ
- ನಡುವೆ ಆರಲು ಬಿಡುವ ಸಮಯ: 7 × 15 = 105 ನಿಮಿಷ

ಒಟ್ಟು ಮೂರು ಗಂಟೆಯೊಳಗಿನ ಕೆಲಸ. ಲೆಕ್ಕಕ್ಕಾಗಿ ಲೀಟರಿಗೆ 1,000 ರೂಪಾಯಿ ಎಂದುಕೊಂಡರೆ ಟ್ಯಾಂಕಿಗೆ 125 ರೂ.; ನಿಮ್ಮ ಅಂಗಡಿಯ ದರ ಬೇರೆಯಿದ್ದರೆ ಅದನ್ನು ಎಂಟರಿಂದ ಭಾಗಿಸಿ. ಎಂಜಿನ್ ಒಟ್ಟು 30 ಲೀಟರ್ ಓಡಿದರೆ ಅದು 240 ಟ್ಯಾಂಕ್. ಪಳಗಿಸಲು ಹೋಗುವ 8 ಟ್ಯಾಂಕ್ ಅದರಲ್ಲಿ ಶೇ. 3.3 ಮಾತ್ರ.

ತಣ್ಣಗೆ ಓಡಿಸಿದರೆ ನಷ್ಟ

ಈ ಎಂಜಿನ್‌ಗಳ ಪಿಸ್ಟನ್‌ಗೆ ರಿಂಗ್ ಇಲ್ಲ. ಕ್ರೋಮ್ ಲೇಪಿಸಿದ ಹಿತ್ತಾಳೆ ಸ್ಲೀವ್ ಮೇಲಕ್ಕೆ ಹೋದಂತೆ ಕೂದಲೆಳೆಯಷ್ಟು ಕಿರಿದಾಗುತ್ತದೆ. ತಣ್ಣಗಿದ್ದಾಗ ಅಲ್ಯೂಮಿನಿಯಂ ಪಿಸ್ಟನ್ ಅಲ್ಲಿ ಬಿಗಿಯಾಗುತ್ತದೆ. ಹವ್ಯಾಸಿಗಳು ಪಿಂಚ್ ಎನ್ನುವುದು ಇದನ್ನೇ. ಬಿಸಿಯೇರಿದಾಗ ಸ್ಲೀವ್ ಹಿಗ್ಗಿ ಬಿಗಿ ಸಡಿಲುತ್ತದೆ.

ಹಿತ್ತಾಳೆ ಪ್ರತಿ ಡಿಗ್ರಿಗೆ ದಶಲಕ್ಷದಲ್ಲಿ ಸುಮಾರು 19 ಭಾಗ ಹಿಗ್ಗುತ್ತದೆ. 16 ಮಿ.ಮೀ. ಬೋರ್ 25ರಿಂದ 65 ಡಿಗ್ರಿ ಸೆಲ್ಸಿಯಸ್‌ಗೆ ಏರಿದರೆ ಹಿಗ್ಗುವುದು 12 ಮೈಕ್ರಾನ್. 100 ಡಿಗ್ರಿಗೆ ಏರಿದರೆ 23 ಮೈಕ್ರಾನ್, ಹೆಚ್ಚುಕಮ್ಮಿ ಎರಡರಷ್ಟು. ಇಂಧನ ಅತಿಯಾಗಿ ಹರಿಸಿ 65 ಡಿಗ್ರಿಯಲ್ಲೇ ಗಂಟೆಗಟ್ಟಲೆ ಗುಡುಗುಡು ಓಡಿಸುವ ಹಳೆಯ ಪದ್ಧತಿ ಎಂಜಿನ್‌ಗೆ ಒಳ್ಳೆಯದು ಮಾಡುವುದಿಲ್ಲ. ಬಿಗಿ ಸಡಿಲದ ಸ್ಲೀವಿನಲ್ಲಿ ಪಿಸ್ಟನ್ ಅಂಚು ಸವೆಯುತ್ತದೆ, ಕನೆಕ್ಟಿಂಗ್ ರಾಡ್ ಮೇಲೆ ಭಾರ ಬೀಳುತ್ತದೆ. ಹೇರ್ ಡ್ರೈಯರ್‌ನಿಂದ ಎಂಜಿನ್ ತಲೆಯನ್ನು ಮೊದಲೇ ಬೆಚ್ಚಗೆ ಮಾಡಿ, ಗಾಳಿ-ಇಂಧನದ ಮಿಶ್ರಣ ತುಸು ದಟ್ಟವಾಗಿಟ್ಟು, 95ರಿಂದ 105 ಡಿಗ್ರಿಯಲ್ಲಿ ಓಡಿಸಬೇಕು. ನಿಲ್ಲಿಸಿದ ಕೂಡಲೇ ಫ್ಲೈವೀಲ್ ತಿರುಗಿಸಿ ಪಿಸ್ಟನ್ನನ್ನು ಕೆಳಕ್ಕೆ ತಂದಿಡಬೇಕು. ಇಲ್ಲದಿದ್ದರೆ ಆರುವ ಸ್ಲೀವ್ ಪಿಸ್ಟನ್ನನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ.

ಬಿಗಿ ಉಳಿದ ಎಂಜಿನ್ ಮುಂದೆ ಹೊರುವ ಕೆಲಸವೂ ಕಡಿಮೆಯದಲ್ಲ. ನಿಮಿಷಕ್ಕೆ 30,000 ಸುತ್ತು ಎಂದರೆ ಸೆಕೆಂಡಿಗೆ 500. 16.8 ಮಿ.ಮೀ. ಸ್ಟ್ರೋಕಿನಲ್ಲಿ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 16.8 ಮೀಟರ್, ಅಂದರೆ ಗಂಟೆಗೆ 60 ಕಿ.ಮೀ. ಈ ಓಟಕ್ಕೆ ಸಿಗುವ ಎಣ್ಣೆ, ಮೇಲಿನ ಲೆಕ್ಕದಂತೆ ನಿಮಿಷಕ್ಕೆ 1.6 ಮಿ.ಲೀ. ಅಷ್ಟೇ.

ಉಳಿತಾಯ ಎಲ್ಲಿ, ಎಲ್ಲಿ ಬೇಡ

ನೈಟ್ರೋ ಪ್ರಮಾಣ ಇಳಿಸಿ ಹಣ ಉಳಿಸಬಹುದು. ಯುರೋಪಿಯನ್ ಒಕ್ಕೂಟದಲ್ಲಿ 2021ರಿಂದ ಪರವಾನಗಿ ಇಲ್ಲದವರಿಗೆ ತೂಕದಲ್ಲಿ ಶೇ. 16 ಮೀರಿದ ನೈಟ್ರೋಮೀಥೇನ್ ಸಿಗುವುದಿಲ್ಲ. ಅಲ್ಲೂ ರೇಸ್ ನಿಂತಿಲ್ಲ. ಆದರೆ ಎಣ್ಣೆ ಕಡಿಮೆಯಿರುವ ಅಗ್ಗದ ಇಂಧನ ಬೇಡ. ಮುಂದೆ ಯಾವ ಇಂಧನದಲ್ಲಿ ಓಡಿಸುತ್ತೀರೋ ಅದರಲ್ಲೇ ಪಳಗಿಸಿ. ನೈಟ್ರೋ ಪ್ರಮಾಣ ಬದಲಾದರೆ ಕಾರ್ಬ್ಯುರೇಟರ್ ಸೂಜಿಯ ಹೊಂದಾಣಿಕೆಯನ್ನೂ ಬದಲಿಸಬೇಕಾಗುತ್ತದೆ. ಊರು ಬದಲಾದರೂ ಅಷ್ಟೇ. ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿ ಮಂಗಳೂರಿಗಿಂತ ಸುಮಾರು ಶೇ. 8ರಷ್ಟು ತೆಳು. ಕರಾವಳಿಯಲ್ಲಿ ಹೊಂದಿಸಿದ ಎಂಜಿನ್ ಇಲ್ಲಿ ಇಂಧನ ಹೆಚ್ಚಾಗಿ ಹೊಗೆಯುಗುಳುತ್ತದೆ.

ಮೆಥನಾಲ್ ವಿಷ. ಅದರ ಉರಿ ಹಗಲಲ್ಲಿ ಕಣ್ಣಿಗೆ ಕಾಣುವುದಿಲ್ಲ. ಬಯಲಿನಲ್ಲೇ ಕೆಲಸ ಮಾಡಿ, ಕೈಗವಸು ಹಾಕಿ, ಕ್ಯಾನನ್ನು ಮಕ್ಕಳ ಕೈಗೆಟುಕದಂತೆ ಇಡಿ. ದಿನದ ಕೊನೆಗೆ ಟ್ಯಾಂಕ್ ಬರಿದು ಮಾಡಿ ಎಂಜಿನ್ ಒಳಗೆ ಎರಡು ಹನಿ ಎಣ್ಣೆ ಬಿಡಿ. ಮೆಥನಾಲ್ ತೇವ ಹೀರಿ ಬೇರಿಂಗ್‌ಗೆ ತುಕ್ಕು ತರುತ್ತದೆ.

ಕಾರಿನ ಬಣ್ಣದ ಬಾಡಿಯನ್ನೋ ಹೊಳೆಯುವ ಚಕ್ರವನ್ನೋ ಮುಂದಿನ ತಿಂಗಳಿಗೆ ತಳ್ಳಿ. ಎಂಜಿನ್ ತಲೆಯ ಬಿಸಿ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರನ್ನೂ ಈ ಒಂದು ಲೀಟರ್ ಇಂಧನವನ್ನೂ ಎಂಜಿನ್ ಜೊತೆಗೇ ಕೊಳ್ಳಿ.