ಟ್ರ್ಯಾಕ್ಟರ್‌ಗೆ ಕಾಗದ ಉಂಟು, ಹಿಂದಿನ ಟ್ರೈಲರ್‌ಗೆ?

ಸಂಬಂಧಿಕರ ಮನೆಯಲ್ಲಿ ಮದುವೆ ಮುಗಿದ ಮರುದಿನ. ಶಾಮಿಯಾನದ ಕಂಬ, ಕುರ್ಚಿ, ಬಿರಿಯಾನಿ ಪಾತ್ರೆ ಎಲ್ಲವನ್ನೂ ಟ್ರ್ಯಾಕ್ಟರಿಗೆ ಹೇರುತ್ತಿದ್ದರು. ಹೇರಿ ಆದ ಮೇಲೆ ನಾಲ್ಕು ಹುಡುಗರು ಕುರ್ಚಿ ರಾಶಿಯ ಮೇಲೆಯೇ ಹತ್ತಿ ಕುಳಿತರು. ಒಬ್ಬ ಚಾಲಕನ ಪಕ್ಕದ ಮಡ್‌ಗಾರ್ಡ್ ಮೇಲೆ. ಟ್ರ್ಯಾಕ್ಟರ್‌ನ ಯಜಮಾನರು ಗಲ್ಫ್‌ನಿಂದ ಬಂದು, ಉಳಿತಾಯದ ಹಣದಲ್ಲಿ ಅದನ್ನು ಕೊಂಡವರು. ಸುಮ್ಮನೆ ಕೇಳಿದೆ, 'ಇಚ್ಚಾ, ಟ್ರೈಲರ್‌ನ ಆರ್‌ಸಿ ಉಂಟಲ್ವಾ?'

ಅವರು ನಕ್ಕರು. 'ಅದಕ್ಕೆಂಥದು ಆರ್‌ಸಿ ಮಾರಾಯಾ? ಅದಕ್ಕೆ ಇಂಜಿನ್ನೇ ಇಲ್ವಲ್ಲ!'

ಇದು ಅವರೊಬ್ಬರ ಮಾತಲ್ಲ. ನಮ್ಮ ಊರುಗಳಲ್ಲಿ ಹೊಯ್ಗೆ, ಕೆಂಪುಕಲ್ಲು, ಗೊಬ್ಬರ, ಅಡಿಕೆ ಸಾಗಿಸುವ ಎಷ್ಟೋ ಜನ ಹೀಗೆಯೇ ತಿಳಿದಿದ್ದಾರೆ. ಇಂಜಿನ್ ಇದ್ದರೆ ವಾಹನ, ಇಲ್ಲದಿದ್ದರೆ ಬರೀ ಕಬ್ಬಿಣದ ಡಬ್ಬ. ಕೇಳಲು ಸರಿಯಾಗಿಯೇ ಇದೆ. ಆದರೆ ಕಾನೂನು ಹಾಗೆ ಹೇಳುವುದಿಲ್ಲ.

1988ರ ಮೋಟಾರು ವಾಹನ ಕಾಯ್ದೆಯ 2ನೇ ಸೆಕ್ಷನ್‌ನಲ್ಲಿ 'ಮೋಟಾರು ವಾಹನ' ಎಂದರೆ ಏನು ಎಂದು ವಿವರಿಸುವಾಗ ಟ್ರೈಲರ್ ಕೂಡ ಅದರಲ್ಲಿ ಸೇರಿದೆ ಎಂದು ಸ್ಪಷ್ಟವಾಗಿ ಬರೆದಿದ್ದಾರೆ. ಮೋಟಾರು ವಾಹನ ಎಳೆಯುವ, ಅಥವಾ ಎಳೆಯಲಿಕ್ಕೆಂದೇ ಮಾಡಿದ ವಾಹನ ಟ್ರೈಲರ್. (ಬಂದರಿಗೆ ಹೋಗುವ ಕಂಟೈನರ್ ಲಾರಿಗಳ ಹಿಂಭಾಗ ಸೆಮಿ ಟ್ರೈಲರ್, ಅದರ ಲೆಕ್ಕ ಬೇರೆ.) ಅಲ್ಲಿಗೆ ವಿಷಯ ಮುಗಿಯಿತು. 39ನೇ ಸೆಕ್ಷನ್ ಪ್ರಕಾರ ಟ್ರ್ಯಾಕ್ಟರ್‌ನಂತೆಯೇ ಟ್ರೈಲರ್‌ಗೂ ಪ್ರತ್ಯೇಕ ನೋಂದಣಿ ಬೇಕು. 146ನೇ ಸೆಕ್ಷನ್ ಪ್ರಕಾರ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಬೇಕು. ಇನ್ಶೂರೆನ್ಸ್ ಮಾಡಿಸಬಹುದಾ, ಬಾರದಾ ಎಂಬ ಚರ್ಚೆ ನಮ್ಮ ಮನೆಗಳಲ್ಲಿ ಆಗಾಗ ನಡೆಯುತ್ತದೆ. ಆದರೆ ಥರ್ಡ್ ಪಾರ್ಟಿ ಎನ್ನುವುದು ನಮ್ಮ ಇಷ್ಟಕ್ಕೆ ಬಿಟ್ಟದ್ದಲ್ಲ, ಅದಿಲ್ಲದೆ ವಾಹನ ರಸ್ತೆಗೆ ಇಳಿಸುವಂತಿಲ್ಲ.

ನಂಬರಿನ ವಿಷಯದಲ್ಲೂ ಗೊಂದಲ ಉಂಟು. ಟ್ರೈಲರ್‌ನ ಸ್ವಂತ ನಂಬರ್ ಅದರ ಬದಿಯಲ್ಲಿ ಇರಬೇಕು. ಹಿಂಭಾಗದಲ್ಲಿ ಎಳೆಯುವ ಟ್ರ್ಯಾಕ್ಟರ್‌ನ ನಂಬರ್ ಕಾಣಬೇಕು. 61ನೇ ಸೆಕ್ಷನ್ ಹೇಳುವುದು ಇದನ್ನೇ. ಹಿಂದೆ ಕೆಎ-19 ಎಂದು ಟ್ರ್ಯಾಕ್ಟರ್‌ನ ನಂಬರ್ ಬರೆಸಿಬಿಟ್ಟರೆ ಎಲ್ಲ ಆಯಿತು ಎಂದುಕೊಂಡವರು ಬದಿಯನ್ನೂ ಒಮ್ಮೆ ನೋಡಿ.

ನೋಂದಣಿ ಇಲ್ಲದೆ ಓಡಿಸಿದರೆ ಕಾಯ್ದೆಯಲ್ಲಿ ಮೊದಲ ಬಾರಿ 2,000ದಿಂದ 5,000 ರೂಪಾಯಿವರೆಗೆ ದಂಡ. ಇನ್ಶೂರೆನ್ಸ್ ಇಲ್ಲದಿದ್ದರೆ ಮೊದಲ ಬಾರಿ 2,000 ರೂಪಾಯಿ ದಂಡ ಅಥವಾ 3 ತಿಂಗಳವರೆಗೆ ಜೈಲು, ಅಥವಾ ಎರಡೂ. ದಂಡ ಕಟ್ಟಿ ಬಂದರೆ ಆಯ್ತಲ್ಲ ಎನ್ನುವವರಿದ್ದಾರೆ. ನಿಜವಾದ ಭಯ ದಂಡದ್ದಲ್ಲ, ಅಪಘಾತವಾದ ದಿನದ್ದು.

ಸುಪ್ರೀಂ ಕೋರ್ಟ್ 2007ರಲ್ಲಿ ತೀರ್ಮಾನಿಸಿದ ಬ್ರಿಜ್ ಮೋಹನ್ ಪ್ರಕರಣ ನೋಡಿ. ಟ್ರ್ಯಾಕ್ಟರ್‌ನ ಟ್ರಾಲಿಯಲ್ಲಿ ಹೋಗುತ್ತಿದ್ದ ಕೂಲಿ ಕಾರ್ಮಿಕನಿಗೆ ಗಾಯವಾಗಿತ್ತು. ಟ್ರ್ಯಾಕ್ಟರ್‌ಗೆ ಇನ್ಶೂರೆನ್ಸ್ ಇತ್ತು, ಟ್ರಾಲಿಗೆ ಇರಲಿಲ್ಲ. ಪಾಲಿಸಿ ಇದ್ದದ್ದು ಕೃಷಿ ಕೆಲಸಕ್ಕೆ, ಟ್ರ್ಯಾಕ್ಟರ್ ಹೋಗಿದ್ದು ಇಟ್ಟಿಗೆ ಭಟ್ಟಿಯ ಮಣ್ಣಿನ ಕೆಲಸಕ್ಕೆ. ಇನ್ಶೂರೆನ್ಸ್ ಕಂಪೆನಿಗೆ ಹೊಣೆ ಇಲ್ಲ ಎಂದೇ ಕೋರ್ಟ್ ಹೇಳಿತು. ಆದರೆ ಗಾಯಾಳು ಬಡವ ಎಂದು ತನ್ನ ವಿಶೇಷ ಅಧಿಕಾರ ಬಳಸಿ, ಕಂಪೆನಿ ಮೊದಲು ಅವನಿಗೆ ಹಣ ಕೊಡಲಿ, ಆಮೇಲೆ ವಾಹನದ ಮಾಲಕನಿಂದ ವಸೂಲಿ ಮಾಡಿಕೊಳ್ಳಲಿ ಎಂದು ಆದೇಶಿಸಿತು.

ಮಾಲಕನಿಂದ ವಸೂಲಿ ಎಂಬ ಆ ಮಾತು ಚಿಕ್ಕದು, ಅದರ ಭಾರ ದೊಡ್ಡದು. ಪರಿಹಾರದ ಮೊತ್ತವನ್ನು ಭೂಕಂದಾಯ ಬಾಕಿಯಂತೆ ವಸೂಲಿ ಮಾಡಲು ಜಿಲ್ಲಾಧಿಕಾರಿಗೆ ಪತ್ರ ಕೊಡುವ ಅಧಿಕಾರ 174ನೇ ಸೆಕ್ಷನ್‌ನಲ್ಲಿ ನ್ಯಾಯಮಂಡಳಿಗೆ ಉಂಟು. ಅಂದರೆ ಮನೆ, ಜಾಗದವರೆಗೂ ಬರಬಹುದು. ದುಡಿಯುವ ವಯಸ್ಸಿನ ಒಬ್ಬರು ಸತ್ತರೆ ಪರಿಹಾರ ಲಕ್ಷಗಳಲ್ಲಿ ಇರುತ್ತದೆ. ಹತ್ತಿಪ್ಪತ್ತು ವರ್ಷ ಮರಳುಗಾಡಿನಲ್ಲಿ ದುಡಿದು ಕಟ್ಟಿದ ಮನೆ ಒಂದು ಟ್ರೈಲರ್‌ನ ಹೆಸರಲ್ಲಿ ಹೋಗಬೇಕಾ?

ಈಗ ಕುರ್ಚಿಯ ಮೇಲೆ ಕುಳಿತ ಹುಡುಗರ ವಿಷಯ. ಟ್ರ್ಯಾಕ್ಟರ್‌ನಲ್ಲಿ ಸೀಟು ಇರುವುದು ಚಾಲಕನಿಗೆ ಮಾತ್ರ. ಮಡ್‌ಗಾರ್ಡ್ ಸೀಟಲ್ಲ. ಸರಕು ವಾಹನದಲ್ಲಿ ಹೋಗುವವರ ಪೈಕಿ ಸರಕಿನ ಮಾಲಕ ಅಥವಾ ಅವನು ಕಳಿಸಿದ ಪ್ರತಿನಿಧಿಗೆ 1994ರ ತಿದ್ದುಪಡಿಯ ನಂತರ ಕಡ್ಡಾಯ ವಿಮೆಯ ರಕ್ಷಣೆ ಸಿಗುತ್ತದೆ. ಸುಮ್ಮನೆ ಜತೆಗೆ ಹತ್ತಿದವನಿಗೆ ಇಲ್ಲ. ಕೂಲಿಯವರನ್ನು ಕರೆದೊಯ್ಯುವವರು ಹೆಚ್ಚುವರಿ ಪ್ರೀಮಿಯಂ ಕಟ್ಟಿ ಅವರನ್ನೂ ಪಾಲಿಸಿಗೆ ಸೇರಿಸಿಕೊಳ್ಳಬಹುದು. ಏಜೆಂಟರು ತಾವಾಗಿಯೇ ಇದನ್ನು ಹೇಳುವುದು ಕಡಿಮೆ, ಕೇಳಬೇಕು. ಮದುವೆ ಮನೆಯ ಹುಡುಗರಿಗೆ ಯಾವ ಪ್ರೀಮಿಯಂ ಕಟ್ಟುವುದು? ಅವರನ್ನು ಇಳಿಸುವುದೇ ದಾರಿ.

ಇನ್ನೊಂದು, ಪಾಲಿಸಿಯಲ್ಲಿ ಬರೆದ ಬಳಕೆ. ಕೃಷಿ ಟ್ರ್ಯಾಕ್ಟರ್ ನಿಯಮಗಳ ಪ್ರಕಾರ ಸಾರಿಗೆ ವಾಹನವಲ್ಲ. ತೋಟದ ಗೊಬ್ಬರ, ಸೊಪ್ಪು, ಅಡಿಕೆಗೆ ಅದು ಸರಿ. ಅದೇ ಟ್ರ್ಯಾಕ್ಟರ್‌ನಲ್ಲಿ ಬಾಡಿಗೆಗೆ ಕಲ್ಲು ಹೊಡೆದರೆ, ಶಾಮಿಯಾನ ಸಾಗಿಸಿದರೆ, ಅಪಘಾತದ ದಿನ ಕಂಪೆನಿಯ ವಕೀಲರು ಕೇಳುವ ಮೊದಲ ಪ್ರಶ್ನೆಯೇ ಅದು. ಬಾಡಿಗೆ ಮಾಡುವವರು ನೋಂದಣಿಯನ್ನೂ ಪಾಲಿಸಿಯನ್ನೂ ವಾಣಿಜ್ಯ ಬಳಕೆಗೇ ಮಾಡಿಸಿಕೊಳ್ಳಬೇಕು. ಸ್ವಲ್ಪ ಹೆಚ್ಚು ಖರ್ಚು, ಹೌದು.

ಲೈಸನ್ಸ್ ಬಗ್ಗೆ ಮಾತ್ರ ಒಂದಿಷ್ಟು ಸಮಾಧಾನ. ಟ್ರ್ಯಾಕ್ಟರ್ ಓಡಿಸುವ ಲೈಸನ್ಸ್ ಇದ್ದವನು ಟ್ರೈಲರ್ ಸಿಕ್ಕಿಸಿದ ಕೂಡಲೇ ಲೈಸನ್ಸ್ ಇಲ್ಲದವನಾಗುವುದಿಲ್ಲ ಎಂದು 2001ರಲ್ಲೇ ಸುಪ್ರೀಂ ಕೋರ್ಟ್ ನಾಗಶೆಟ್ಟಿ ಪ್ರಕರಣದಲ್ಲಿ ಹೇಳಿದೆ. 7,500 ಕಿಲೋದೊಳಗಿನ ವಾಹನಗಳಿಗೆ ಎಲ್‌ಎಂವಿ ಲೈಸನ್ಸ್ ಸಾಕು ಎಂದು 2024ರ ನವೆಂಬರ್‌ನಲ್ಲಿ ಸಂವಿಧಾನ ಪೀಠವೂ ಹೇಳಿತು. ಆದರೆ 18 ತುಂಬದ ಮಗನ ಕೈಗೆ ಸ್ಟೇರಿಂಗ್ ಕೊಟ್ಟರೆ ತಂದೆಗೆ ಅಥವಾ ಮಾಲಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ತೋಟದೊಳಗೆ ಓಡಿಸಿ ಕಲಿತವನು ರಸ್ತೆಗೂ ಬರುತ್ತಾನೆ, ಇದು ಗೊತ್ತಿರುವ ವಿಷಯ.

ಸೆಕೆಂಡ್ ಹ್ಯಾಂಡ್ ಟ್ರೈಲರ್ ಕೊಳ್ಳುವವರೂ ಮಾರುವವರೂ ಜಾಗ್ರತೆ. ನಮ್ಮಲ್ಲಿ ಬಾವನಿಗೋ ನೆರೆಯವರಿಗೋ ಬಾಯಿಮಾತಿನಲ್ಲೇ ಕೊಟ್ಟುಬಿಡುವ ರೂಢಿ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲಕ, ಅವರೇ ಹೊಣೆ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿಯಾಗಿದೆ. ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು. ಇನ್ಶೂರೆನ್ಸ್‌ನಲ್ಲಿ ಹೆಸರು ಬದಲಿಸಲು ಕೊಂಡವರಿಗೆ ಇರುವುದು 14 ದಿನ. ಫಾರಂ 29, ಫಾರಂ 30ಕ್ಕೆ ಸಹಿ ಹಾಕದೆ ಕೀಲಿಯನ್ನೂ ಕೊಕ್ಕೆಯನ್ನೂ ಕೊಡಬೇಡಿ.

ಹೊಸದಾಗಿ ಮಾಡಿಸುವವರಿಗೆ ಇರುವ ತೊಂದರೆ ಬೇರೆ ರೀತಿಯದು. ಪೇಟೆಯ ಯಾವುದೋ ವೆಲ್ಡಿಂಗ್ ಶಾಪ್‌ನಲ್ಲಿ ಕಡಿಮೆಗೆ ಟ್ರೈಲರ್ ಮಾಡಿಸಿ, ಬಿಲ್ ಕೂಡ ಇಲ್ಲದೆ ಮನೆಗೆ ತರುತ್ತಾರೆ. ನೋಂದಣಿಗೆ ಹೋದಾಗ ಫಾರಂ 20ರ ಅರ್ಜಿಯ ಜತೆ ಮಾರಾಟದ ಪ್ರಮಾಣಪತ್ರ ಫಾರಂ 21, ತಯಾರಿಸಿದವರು ಕೊಡುವ ಯೋಗ್ಯತಾ ಪತ್ರ ಫಾರಂ 22 ಕೇಳುತ್ತಾರೆ. ಛಾಸಿಸ್ ನಂಬರ್ ಇಲ್ಲದ ಟ್ರೈಲರ್‌ಗೆ ಯಾರು ಏನು ಬರೆದುಕೊಡುವುದು? ಅಡ್ವಾನ್ಸ್ ಕೊಡುವ ಮೊದಲೇ ಈ ಕಾಗದ ಸಿಗುತ್ತದಾ ಎಂದು ಕೇಳಿಕೊಳ್ಳಿ. ನೋಂದಣಿಯಾದ ಮೇಲೆ ಇನ್ಶೂರೆನ್ಸ್ ಕಷ್ಟವಲ್ಲ. ಟ್ರ್ಯಾಕ್ಟರ್‌ನ ಪಾಲಿಸಿಯಲ್ಲೇ ಟ್ರೈಲರ್ ಸೇರಿಸಿ ಅದರ ಪ್ರೀಮಿಯಂ ಕಟ್ಟಬಹುದು. ಪಾಲಿಸಿ ಕೈಗೆ ಬಂದಾಗ ಟ್ರೈಲರ್‌ನ ನಂಬರ್ ಅದರಲ್ಲಿ ಬರೆದಿದೆಯಾ ಎಂದು ನೋಡಿ. ಬರೆದಿಲ್ಲವಾದರೆ ಸೇರಿಲ್ಲವೆಂದೇ ಲೆಕ್ಕ.

ನೀರಿನ ಟ್ಯಾಂಕರ್ ಎಳೆಯುವವರಿಗೂ ಇದೇ ಮಾತು. ರಾತ್ರಿ ಕೆಲಸ ಮುಗಿಸಿ ಟ್ರೈಲರ್ ಕಳಚಿ ರಸ್ತೆ ಬದಿ ಬಿಟ್ಟುಹೋಗುವುದು ಬೇರೆಯೇ ತಪ್ಪು. 122ನೇ ಸೆಕ್ಷನ್‌ನಲ್ಲಿ ಟ್ರೈಲರ್ ಎಂಬ ಶಬ್ದವೇ ಇದೆ. ರಿಫ್ಲೆಕ್ಟರ್ ಇಲ್ಲದ, ಮಣ್ಣು ಮೆತ್ತಿದ ಟ್ರೈಲರ್ ಕತ್ತಲಲ್ಲಿ ಬೈಕಿನವನ ಕಣ್ಣಿಗೆ ಬೀಳುವುದು ತೀರಾ ಹತ್ತಿರ ಬಂದ ಮೇಲೆ.

ಮೊನ್ನೆ ಪೇಟೆಯಲ್ಲಿ ಅದೇ ಇಚ್ಚ ಸಿಕ್ಕಿದರು. ಟ್ರ್ಯಾಕ್ಟರ್‌ನ ಪಾಲಿಸಿ ತೆಗೆದು ಓದಿದರಂತೆ, ಟ್ರೈಲರ್ ಎಂಬ ಶಬ್ದ ಎಲ್ಲೂ ಇಲ್ಲ. 'ವೆಲ್ಡಿಂಗ್ ಶಾಪ್‌ನವನಲ್ಲಿ ಕಾಗದ ಕೇಳ್ಲಿಕ್ಕೆ ಹೊರಟಿದ್ದೇನೆ,' ಎಂದರು. 'ಕೊಡ್ತಾನೋ ಇಲ್ವೋ ಗೊತ್ತಿಲ್ಲ. ಕೊಡುವವರೆಗೆ ಟ್ರೈಲರ್ ಅಂಗಳದಲ್ಲೇ.'