ಮೂರು ಬಂದೂಕು, ಒಂದು ಟೈಮರ್, ಹಲವು ದೂರು

ಟೈಮರ್ ಬೀಪ್ ಅಂದ ತಕ್ಷಣ ಓಟ. ರೈಫಲ್, ಪಿಸ್ತೂಲ್, ಶಾಟ್‌ಗನ್: ಒಂದೇ ಸುತ್ತಿನಲ್ಲಿ, ಅಂದರೆ ಒಂದೇ ಸ್ಟೇಜ್‌ನಲ್ಲಿ, ಮೂರೂ ಬೇಕಾಗಬಹುದು. ಅಮೆರಿಕದಲ್ಲಿ 1980ರ ದಶಕದಿಂದ ಬೆಳೆದ ಈ ಆಟವೇ ಮಲ್ಟಿಗನ್. ಬೇಗ ಮುಗಿಸಿದವರು ಮುಂದೆ, ಗುರಿ ತಪ್ಪಿದರೆ ದಂಡ.

ಸ್ಪರ್ಧಿಗಳ ದೊಡ್ಡ ದೂರು, ಕಾಯುವುದು. ಗುಂಡು ಹಾರಿಸುವುದು ಒಂದೆರಡು ನಿಮಿಷ, ಉಳಿದದ್ದೆಲ್ಲ ಸರದಿ. ಆಯೋಜಕರ ಮಾತೂ ನಿಜ: ಬಿದ್ದ ಉಕ್ಕಿನ ಫಲಕ ಎತ್ತಿ ನಿಲ್ಲಿಸಬೇಕು, ಕಾಗದದ ಗುರಿಗಳ ತೂತು ಮುಚ್ಚಬೇಕು. ಈ ಕೆಲಸಕ್ಕೆ ಸ್ಪರ್ಧಿಗಳ ತಂಡದಲ್ಲಿ ನಾಲ್ವರೇ ದುಡಿದು ಉಳಿದವರು ನೆರಳಲ್ಲಿ ಕೂತರೆ ತಡ ಆಗೇ ಆಗುತ್ತೆ.

ಆದರೆ ಒಂದು ದೂರನ್ನು ಯಾರೂ ತಳ್ಳಿಹಾಕಬಾರದು. ಬಳಸಿದ ಬಂದೂಕನ್ನು ಓಟದ ನಡುವೆಯೇ, ಅದಕ್ಕೆಂದೇ ಇಟ್ಟ ಡ್ರಮ್ಮಿನೊಳಗೆ ಇಡಬೇಕು. ಬಂದೂಕು ಖಾಲಿಯಾಗಿರಬೇಕು, ಇಲ್ಲವೇ ಸೇಫ್ಟಿ ಹಾಕಿರಬೇಕು. ತಪ್ಪಿದರೆ ಪಂದ್ಯದಿಂದಲೇ ಹೊರಗೆ! ಇಷ್ಟು ಕಠಿಣ ನಿಯಮ ಇರಲೇಬೇಕು. ಹಾಗಿದ್ದಮೇಲೆ ಆ ಡ್ರಮ್ ಅಲುಗಾಡುತ್ತಿದ್ದರೆ, ನಳಿಕೆ ಜನರತ್ತ ವಾಲುವಂತಿದ್ದರೆ, ಹೊಣೆ ಸ್ಟೇಜ್ ಕಟ್ಟಿದವರದ್ದು.

ಇದನ್ನು ಸಂಜೆ ಬಹುಮಾನದ ಹೊತ್ತಿಗೆ ಹೇಳಿ ಏನು ಪ್ರಯೋಜನ? ಶುರುವಾಗುವ ಮುಂಚೆ ಸ್ಟೇಜ್ ನೋಡಲು ಬಿಡುತ್ತಾರಲ್ಲ, ಆಗಲೇ ಸುತ್ತಿನ ಮೇಲ್ವಿಚಾರಕರಾದ ರೇಂಜ್ ಆಫೀಸರ್‌ಗೆ ಹೇಳಿ. ಡ್ರಮ್ ಸರಿಪಡಿಸೋಕೆ ಆಗ ಇನ್ನೂ ಸಮಯ ಇರುತ್ತೆ.