ಸಫಾರಿಗೆ ಮುಂಚೆ ಕೋಲು ಪಳಗಿಸಿ

ಕಬಿನಿಯಲ್ಲಿ ಹುಲಿ ಎದುರಿಗೇ ಬಂತು.
ಫೋಟೊ ಮಾತ್ರ ಅಲುಗಾಡಿಹೋಯ್ತು.
ಯಾಕೆ? ಕ್ಯಾಮೆರಾಗೆ ಆಸರೆ ಇರಲಿಲ್ಲ.

ಹಿಂದೆ ಬೇಟೆಗಾರರು
ಬಂದೂಕು ಅಲುಗದಿರಲಿ ಅಂತ ಕವೆಗೋಲು ಊರುತ್ತಿದ್ದರು.
1972ರ ವನ್ಯಜೀವಿ ಕಾಯ್ದೆ
ಆ ಬೇಟೆಗೆ ಬಾಗಿಲು ಹಾಕ್ತು.
ಒಳ್ಳೇದೇ ಆಯ್ತು.
ಈಗ ಅಂಥದ್ದೇ ಕೋಲು ಕ್ಯಾಮೆರಾ ಕೆಳಗಿದೆ.
ಹೆಸರು, ಮಾನೊಪಾಡ್.

ಟ್ರೈಪಾಡ್ ಯಾಕೆ ಬೇಡ?
ಸಫಾರಿ ಗಾಡಿಯಿಂದ ಇಳಿಯೋ ಹಾಗಿಲ್ಲ.
ಸೀಟುಗಳ ಮಧ್ಯೆ ಮೂರು ಕಾಲಿಗೆ ಜಾಗ ಎಲ್ಲಿ?

ಅಂಗಡಿಯಲ್ಲಿ ನಿಂತು ಆರಿಸಬೇಡಿ.
ಕುರ್ಚಿ ಕೇಳಿ, ಕೂತು ನೋಡಿ.
ಕೂತಾಗ ಕ್ಯಾಮೆರಾ ಕಣ್ಣಿನ ಮಟ್ಟಕ್ಕೆ ಬರಬೇಕು.
ಗಾಡಿಗೆ ಅಗಲದ ಕಂಬಿ ಇದ್ರೆ
ಅಕ್ಕಿ ತುಂಬಿದ ಬೀನ್ ಬ್ಯಾಗ್ ಇನ್ನೂ ವಾಸಿ.

ಬಿಂದಿಗೆ ಸೊಂಟದ ಮೇಲೆ ಕೂರುತ್ತಲ್ಲ?
ಭಾರ ಸೊಂಟಕ್ಕೆ, ಕೈ ಬರೀ ಆಸರೆ.
ಲೆನ್ಸೂ ಕೋಲಿನ ಮೇಲೆ ಹಾಗೇ ಕೂರಬೇಕು.

ಅಭ್ಯಾಸ ಎಲ್ಲಿ?
ಬೆಂಗಳೂರಲ್ಲಿ ಕೆಂಗೇರಿ ಕಡೆಯವರಿಗೆ
ಜ್ಞಾನಭಾರತಿಯ ಮರಗಳಿವೆ, ಹಕ್ಕಿಗಳಿವೆ.
ವಿಜಯನಗರ, ಬಸವೇಶ್ವರನಗರದವರು
ಮಹಡಿ ಹತ್ತಿ, ಕುರ್ಚಿ ಹಾಕಿ.
ಮೇಲೆ ಹದ್ದು ಸುತ್ತುತ್ತಲೇ ಇರುತ್ತೆ.

ನಿಮ್ಮದು 400 ಎಂಎಂ ಲೆನ್ಸಾ?
ಶಟರ್ ವೇಗ ಸೆಕೆಂಡಿನ 400ನೇ ಒಂದು ಭಾಗದಿಂದ ಶುರು ಮಾಡಿ.
ಆಮೇಲೆ 200, ಆಮೇಲೆ 100.
ಒಂದೇ ಟೊಂಗೆಯನ್ನ ಮತ್ತೆ ಮತ್ತೆ ತೆಗೆಯಿರಿ.
ಹಿಗ್ಗಿಸಿ ನೋಡಿ.
ಎಲ್ಲಿ ಮಸುಕಾಗುತ್ತೋ
ಅದೇ ಸದ್ಯಕ್ಕೆ ನಿಮ್ಮ ಕೈಯ ಗಡಿ.
ದಿನಾ ಕೂತರೆ ಆ ಗಡಿ ಸರಿಯುತ್ತೆ.

ಕಾಡಲ್ಲಿ ಇದೊಂದು ನೆನಪಿಡಿ.
ಎಂಜಿನ್ ಓಡ್ತಿದ್ರೆ
ನಡುಕ ಗಾಡಿಯ ನೆಲದಿಂದ ಕೋಲಿಗೆ ಹತ್ತುತ್ತೆ.
ನಿಲ್ಲಿಸಿ ಅಂತ ಚಾಲಕರನ್ನ ಮೆಲ್ಲಗೆ ಕೇಳಿ.
ಆಗಲ್ಲ ಅಂದ್ರೆ,
ಕೋಲನ್ನ ಸೀಟಿನ ಮೆತ್ತೆ ಮೇಲೆ ಊರಿ.